ಮೈಸೂರಿನ ಬೀಗರು ಬರುತ್ತಿದ್ದಾರೆ: ವಿಜಯಪುರದಿಂದ ಬೆಳಗಾವಿವರೆಗೆ ಎಲ್ಲೆಲ್ಲಿ ಊಟ ಮಾಡಿಸಲಿ?

ಗುಮ್ಮಟದ ಓಣಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳನ್ನು ಮೈಸೂರಿಗೆ ಕೊಟ್ಟಿದ್ದೇವೆ. ಡಿಸೆಂಬರ್ ಕೊನೆಯ ವಾರ ಬೀಗರು ನಮ್ಮಲ್ಲಿಗೆ ಬರುತ್ತಿದ್ದಾರೆ. ಮದುವೆ ಆದ ಮೇಲೆ ಈ ಕಡೆ ಬರುವುದು ಇದೇ ಮೊದಲು. ವಿಜಯಪುರದಲ್ಲಿ ಗೋಲ್ ಗುಂಬಜ್, ಇಬ್ರಾಹಿಂ ರೋಜಾ ತೋರಿಸಿ, ಗಾಡಿ ಮಾಡಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮುಗಿಸಿ ಬೆಳಗಾವಿಗೆ ಹೋಗುವುದು ಅಂತ ಲೆಕ್ಕ. ಅಲ್ಲಿಂದ ಅವರು ರೈಲು ಹತ್ತುತ್ತಾರೆ.

ನೋಡುವ ಜಾಗದ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದು ಊಟದ್ದು. ನಾನು ಶಾಲೆ ಮುಗಿಸಿ ಮನೆಗೆ ಬಂದು ಅಡುಗೆ ಮಾಡುವವಳು. ಹೊರಗೆ ಉಂಡಿದ್ದು ಕಡಿಮೆ. ನಮ್ಮ ಮನೆಯವರನ್ನು ಕೇಳಿದರೆ 'ಹಸಿವಾದಲ್ಲಿ ಗಾಡಿ ನಿಲ್ಲಿಸಿದರಾಯ್ತು ಬಿಡು' ಅಂತಾರೆ. ಬೀಗರನ್ನು ಕೂರಿಸಿಕೊಂಡು ಹಾಗೆ ಮಾಡೋಕಾಗುತ್ತಾ? ಹೋದ ವರ್ಷ ಹೆದ್ದಾರಿ ಪಕ್ಕದ ಒಂದು ದೊಡ್ಡ ಹೋಟೆಲಿನಲ್ಲಿ 'ಉತ್ತರ ಕರ್ನಾಟಕ ಥಾಳಿ' ಅಂತ ತರಿಸಿದೆವು. ಪನೀರ್ ಮಸಾಲಾ, ತಣ್ಣಗಿನ ಎರಡು ರೊಟ್ಟಿ, ಒಂದು ಜಾಮೂನು. ಚಟ್ನಿ ಕೇಳಿದರೆ ಸಾಸ್ ತಂದಿಟ್ಟ.

ಬರುವವರು ಬೀಗರು, ಬೀಗಿತಿ, ಬೀಗರ ತಾಯಿ, ಮಗಳು, ಅಳಿಯ, ಅಳಿಯನ ಅಕ್ಕನ ಮಗ. ಅಜ್ಜಿಗೆ ಹಲ್ಲಿಲ್ಲ. ಆ ಹುಡುಗ ಸಾಂಬಾರಿಗೂ 'ಖಾರ' ಅಂತ ಅಳುವವನು. ಮನೆ ಮಂದಿ ಎಲ್ಲ ಸಸ್ಯಾಹಾರಿಗಳು. ಅಳಿಯ ಮಾತ್ರ ಹೊರಗೆ ತಿನ್ನುತ್ತಾನೆ. ಅದು ಅವರಮ್ಮನಿಗೆ ಗೊತ್ತಿಲ್ಲ.

ನೀವು ನಿಮ್ಮ ಊರಲ್ಲಿ ಎಲ್ಲಿ ಉಣ್ಣುತ್ತೀರಿ? ದಾರಿಯಲ್ಲಿ ಎಲ್ಲಿ ಗಾಡಿ ನಿಲ್ಲಿಸುತ್ತೀರಿ? ನೀವೇ ಉಂಡ ಜಾಗ ಹೇಳಿ. ಮೊಬೈಲಿನಲ್ಲಿ ಸ್ಟಾರ್ ನೋಡಿ ಹೇಳುವುದಾದರೆ ನನಗೂ ಬರುತ್ತೆ.

ಮೋಟರ್ ಕಾಕಾ:

ಅಕ್ಕಾರೇ, ನಾನು ಪಂಪ್‌ಸೆಟ್ ಸಾಮಾನು ಮಾರುವವನು. ಬೋರ್‌ವೆಲ್ ಮೋಟರ್, ಸ್ಟಾರ್ಟರ್, ಕೇಬಲ್. ಮನೆ ಬಾಗಲಕೋಟೆ ನವನಗರ. ವಾರದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಮೂರು ಜಿಲ್ಲೆ ತಿರುಗುತ್ತಲೇ ಇರುತ್ತೇನೆ. ಮಧ್ಯಾಹ್ನದ ಊಟ ಹೊರಗೇ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಮೊದಲು ಒಂದು ಮಾತು. ಖಾನಾವಳಿಗೆ ಹೋಗುವುದಾದರೆ ಹೆಸರು ಬರೆದುಕೊಂಡು ಹೋಗಬೇಡಿ. ಬೋರ್ಡು ಅದೇ ಇರುತ್ತದೆ, ಗಲ್ಲಾದ ಮೇಲೆ ಮಾಲೀಕನೂ ಅವನೇ ಇರುತ್ತಾನೆ, ಒಳಗೆ ರೊಟ್ಟಿ ಬಡಿಯುವ ಅಕ್ಕ ಬೇರೆ ಆಗಿರುತ್ತಾಳೆ. ಆಕೆ ಬಿಟ್ಟು ಹೋದಳು ಅಂದರೆ ಆ ಖಾನಾವಳಿಯ ಕಥೆ ಮುಗಿಯಿತು. ನಾನು ಇಷ್ಟಪಟ್ಟು ಹೋಗುತ್ತಿದ್ದ ಜಾಗ ಹೀಗೇ ಕೈ ತಪ್ಪಿದ್ದು ಬಹಳ ಇದೆ. ಅದಕ್ಕೆ ನಾನು ಊರು ಹೇಳುತ್ತೇನೆ, ಗುರುತು ಹೇಳುತ್ತೇನೆ. ಜಾಗ ನೀವೇ ಆರಿಸಿ.

ಗುರುತು ಏನು ಅಂದರೆ, ಬಾಗಿಲಲ್ಲಿ ನಿಂತು ಕಿವಿ ಕೊಡಿ. ಒಳಗಿನಿಂದ ಟಪ ಟಪ ಅಂತ ಬಡಿಯುವ ಸಪ್ಪಳ ಬರುತ್ತಿದ್ದರೆ ಒಳಗೆ ಹೋಗಿ. ಬರುತ್ತಿಲ್ಲ ಅಂದರೆ ಬೆಳಿಗ್ಗೆಯೇ ಮಾಡಿ ಬುಟ್ಟಿಯಲ್ಲಿ ಮುಚ್ಚಿಟ್ಟ ರೊಟ್ಟಿ ಅಂತ ಅರ್ಥ. ಆಮೇಲೆ ರೊಟ್ಟಿಯ ಅಂಚು ನೋಡಿ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಎಳೆಯುವ ಗುಣ ಇಲ್ಲ. ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿದರೆ ಮಾತ್ರ ಜಿಗಿ ಬರುತ್ತದೆ. ಬೀಸಿ ಬಹಳ ದಿನ ಆದ ಹಿಟ್ಟಾದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ಇದೆಲ್ಲ ನಿಮಗೆ ಗೊತ್ತೇ ಇರುತ್ತದೆ, ಆದರೆ ಹೊರಗೆ ಉಣ್ಣಲು ಹೋದಾಗ ಮನೆಯ ಕಣ್ಣು ಮನೆಯಲ್ಲೇ ಬಿಟ್ಟು ಹೋಗುತ್ತೇವೆ, ಅಲ್ವಾ?

ಮೂರನೆಯದು ತಾಟಿನ ಅಂಚಿನಲ್ಲಿ ಏನಿದೆ ಅನ್ನುವುದು. ಹಸಿ ಮೆಂತ್ಯ ತಪ್ಪಲು, ಹಕ್ಕರಿಕಿ ಸೊಪ್ಪು, ಉಳ್ಳಾಗಡ್ಡಿ, ಮೂಲಂಗಿ, ಇವುಗಳಲ್ಲಿ ಎರಡಾದರೂ ಕೇಳದೆ ಬಂದರೆ ಆ ಮಾಲೀಕ ಬೆಳಿಗ್ಗೆ ತಾನೇ ಸಂತೆಗೆ ಹೋಗುತ್ತಾನೆ. ಚಟ್ನಿ ಎರಡು ಬಗೆ ಇರಬೇಕು. ಶೇಂಗಾ ಎಲ್ಲರೂ ಇಡುತ್ತಾರೆ. ಗುರೆಳ್ಳು ಇಲ್ಲವೇ ಅಗಸಿ ಚಟ್ನಿ ಇಟ್ಟವನು ಮನಸ್ಸಿಟ್ಟು ನಡೆಸುತ್ತಿದ್ದಾನೆ ಅಂತ ನನ್ನ ತೀರ್ಮಾನ. ತಪ್ಪಿರಬಹುದು, ಆದರೆ ಹೊಟ್ಟೆ ಕೆಟ್ಟಿಲ್ಲ.

ಹೊತ್ತು ಮುಖ್ಯ. ಹನ್ನೆರಡೂವರೆಗೆ ಹೋದರೆ ಎಣ್ಣೆಗಾಯಿ ಸಿಗುತ್ತದೆ. ಎರಡೂವರೆಗೆ ಹೋದರೆ ಎಣ್ಣೆ ಸಿಗುತ್ತದೆ, ಬದನೆಕಾಯಿ ಇರುವುದಿಲ್ಲ.

ಈಗ ನಿಮ್ಮ ದಾರಿಗೆ ಬರೋಣ. ವಿಜಯಪುರದಲ್ಲಿ ಬೆಳಗಿನ ತಿಂಡಿಗೆ ಇಡ್ಲಿ ದೋಸೆ ಬೇಡ. ಅದು ಅವರ ಊರಲ್ಲಿ ನಮ್ಮದಕ್ಕಿಂತ ಚೆನ್ನಾಗಿ ಸಿಗುತ್ತದೆ, ಸುಮ್ನೆ ಹೋಲಿಕೆಗೆ ಯಾಕೆ ಬೀಳಬೇಕು. ಸುಸಲಾ ಮತ್ತು ಮಿರ್ಚಿ ಭಜಿ ಕೊಡಿಸಿ. ಚುರುಮುರಿ ನೆನೆಸಿ ಹಿಂಡಿ, ಉಳ್ಳಾಗಡ್ಡಿ ಶೇಂಗಾ ಒಗ್ಗರಣೆ ಹಾಕಿ, ಮೇಲೆ ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿದ್ದು ಮೈಸೂರಿನವರಿಗೆ ಹೊಸದು. ಗಾಂಧಿ ಚೌಕದ ಕಡೆ ಬೆಳಿಗ್ಗೆ ಸುತ್ತಿದರೆ ಬಾಣಲೆಯ ವಾಸನೆಯೇ ದಾರಿ ತೋರಿಸುತ್ತದೆ. ಜನ ನಿಂತು ತಿನ್ನುವ ಗಾಡಿ ಮುಂದೆ ನೀವೂ ನಿಲ್ಲಿ. ಬೀಗರನ್ನು ರಸ್ತೆಯಲ್ಲಿ ನಿಲ್ಲಿಸುವುದು ಹೇಗೆ ಅಂತ ಸಂಕೋಚ ಆದರೆ ಕಟ್ಟಿಸಿಕೊಂಡು ಮನೆಗೆ ಒಯ್ಯಿರಿ. ಆದರೆ ಸುಸಲಾ ತಣ್ಣಗಾದರೂ ನಡೆಯುತ್ತದೆ, ಮಿರ್ಚಿ ಮೆತ್ತಗಾದರೆ ಮುಗಿಯಿತು. ನಿಂತೇ ತಿನ್ನಿಸಿ.

ಬಾದಾಮಿ ಕಡೆ ಹೊರಟಾಗ ಕೃಷ್ಣಾ ಸೇತುವೆ ದಾಟುವ ಮುಂಚೆ ಕೊಲ್ಹಾರ ಬರುತ್ತದೆ. ಅಲ್ಲಿ ಗಾಡಿ ನಿಲ್ಲಿಸದೆ ಹೋದರೆ ನೀವು ನನ್ನ ಜೊತೆ ಮಾತಾಡಬೇಡಿ. ಕೊಲ್ಹಾರದ ಮೊಸರು. ಎಮ್ಮೆ ಹಾಲು, ಮಣ್ಣಿನ ಗಡಿಗೆ. ಗಡಿಗೆಯ ಮಣ್ಣು ನೀರು ಹೀರಿಕೊಳ್ಳುವುದರಿಂದ ಒಳಗೆ ಉಳಿಯುವುದು ಗಟ್ಟಿ ಮೊಸರು. ಮಾರುವವರು ಗಡಿಗೆ ಬೋರಲು ಹಾಕಿ ತೋರಿಸುತ್ತಾರೆ, ಬೀಳುವುದಿಲ್ಲ. ಹಳೆಯ ಕೊಲ್ಹಾರ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಊರು ಎದ್ದು ಬೇರೆ ಕಡೆ ಬಂತು, ಮೊಸರಿನ ಹೆಸರೂ ಅದರ ಜೊತೆ ಬಂತು. ನಮ್ಮ ಬಾಗಲಕೋಟೆಯದೂ ಇದೇ ಕಥೆ, ನವನಗರ ಹುಟ್ಟಿದ್ದೇ ಹಾಗೆ, ಆದರೆ ನಮ್ಮ ಜೊತೆ ಇಂಥ ಮೊಸರು ಬರಲಿಲ್ಲ.

ಒಂದು ಸಣ್ಣ ಗಡಿಗೆ ಅಲ್ಲೇ ತಿನ್ನಲು, ಒಂದು ದೊಡ್ಡದು ಮಧ್ಯಾಹ್ನದ ಊಟಕ್ಕೆ ಅಂತ ತಗೊಳ್ಳಿ. ದೊಡ್ಡದನ್ನು ಕಾಲಿನ ಹತ್ತಿರ ಇಡಿ, ಡಿಕ್ಕಿಯಲ್ಲಿ ಬೇಡ. ಅಲ್ಲಿ ಸಕ್ಕರೆ ಹಾಕಿಕೊಡುತ್ತೇನೆ ಅಂತಾರೆ. ಹುಡುಗನಿಗೆ ಹಾಕಿಸಿ. ದೊಡ್ಡವರು ಹಾಗೇ ತಿನ್ನಲಿ.

ಬಾದಾಮಿ, ಬನಶಂಕರಿ ವಿಷಯ ಇಲ್ಲಿ ಗುಳೇದಗುಡ್ಡದ ಅಕ್ಕ ಒಬ್ಬರಿದ್ದಾರೆ, ಅವರು ಬರೆಯಲಿ. ನಾನು ಐಹೊಳೆಯಿಂದ ಮುಂದಕ್ಕೆ ಹೇಳುತ್ತೇನೆ. ಐಹೊಳೆ ತನಕ ಹೋದ ಮೇಲೆ ಅಮೀನಗಡ ಪಕ್ಕದಲ್ಲೇ ಇದೆ. ಕರದಂಟು ಅಲ್ಲೇ ತಗೊಳ್ಳಿ. ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ, ತುಪ್ಪದಲ್ಲಿ ಕರಿದ ಅಂಟು, ಎಲ್ಲ ಬೆಲ್ಲದ ಪಾಕದಲ್ಲಿ. ನಮ್ಮಲ್ಲಿ ಬಾಣಂತಿಯರಿಗೆ ಕೊಡುತ್ತಾರೆ. ಈ ಮಾತು ಬೀಗಿತಿಯ ಮುಂದೆ ಎತ್ತಬೇಡಿ, ಆಮೇಲೆ ನಿಮ್ಮ ಮಗಳಿಗೆ ದಾರಿಯುದ್ದಕ್ಕೂ ಬೇರೆ ಪ್ರಶ್ನೆ ಶುರು ಆಗುತ್ತವೆ. ಗೋಕಾಕದವರು ತಮ್ಮ ಕರದಂಟೇ ಮೇಲು ಅಂತಾರೆ. ನಾನು ಬಾಗಲಕೋಟೆ ಜಿಲ್ಲೆಯವನು, ನನ್ನ ತೀರ್ಪು ಕೇಳಬೇಡಿ.

ಬಾಗಲಕೋಟೆಯಿಂದ ಬೆಳಗಾವಿಗೆ ಲೋಕಾಪುರ, ಯರಗಟ್ಟಿ ಮೇಲೆ ಹೋಗುತ್ತೀರಿ. ಕಬ್ಬಿನ ಹಂಗಾಮು. ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಸಿಕ್ಕರೆ ಗಂಟೆ ಹೆಚ್ಚೇ ಬೇಕು. ಊಟದ ಹೊತ್ತು ಅದರ ಮೇಲೆ ಲೆಕ್ಕ ಹಾಕಿ. ಆ ದಾರಿಯಲ್ಲಿ ನಾನು ನಿಲ್ಲುವುದು ಲಾರಿಯವರು ನಿಲ್ಲುವಲ್ಲಿ ಅಲ್ಲ, ಕಬ್ಬಿನ ಟ್ರ್ಯಾಕ್ಟರ್‌ನವರು ನಿಲ್ಲುವಲ್ಲಿ. ಲಾರಿಯವರು ಎಲ್ಲಿಂದಲೋ ಬಂದವರು, ಅವರಿಗೆ ದಾಲ್ ಸಾಕು. ಟ್ರ್ಯಾಕ್ಟರ್ ಹುಡುಗರು ಆಸುಪಾಸಿನ ಊರಿನವರು. ಝುಣಕ, ಅಂದರೆ ಕಡಲೆ ಹಿಟ್ಟಿನ ಪಲ್ಯ, ಕೆಟ್ಟಿದ್ದರೆ ತಾಟು ಸರಿಸಿ ಎದ್ದು ಹೋಗುತ್ತಾರೆ.

ಊರಲ್ಲಿ ಎಲ್ಲಿ ಉಣ್ಣುತ್ತೀರಿ ಅಂತ ಕೇಳಿದ್ದೀರಿ. ಊರಲ್ಲಿ ಇದ್ದ ದಿನ ನಾನು ಎಲ್ಲೂ ಹೋಗುವುದಿಲ್ಲ. ಮನೆಯಲ್ಲಿ ಡೈನಿಂಗ್ ಟೇಬಲ್ ಇದೆ, ಅದರ ಮೇಲೆ ಇಸ್ತ್ರಿ ಬಟ್ಟೆ, ಮಗನ ಪುಸ್ತಕ, ನನ್ನ ಬಿಲ್ ಬುಕ್ಕು. ನಾನು ಉಣ್ಣುವುದು ಅಡುಗೆಮನೆಯ ನೆಲದ ಮೇಲೆ, ಹಂಚಿನಿಂದ ರೊಟ್ಟಿ ನೇರ ತಾಟಿಗೆ ಬೀಳುವಷ್ಟು ಹತ್ತಿರ. ಉಬ್ಬಿದ ರೊಟ್ಟಿಯನ್ನು ಬೆರಳಿನಿಂದ ಚುಚ್ಚಿ ಹಬೆ ಬಿಡುವುದು, ಒಳಗೆ ಬೆಣ್ಣೆ ಸವರುವುದು. ಮೂರನೆಯ ರೊಟ್ಟಿಗೆ ನಮ್ಮ ಮನೆಯವಳು 'ಸಾಕು ಏಳ್ರಿ, ನಾನೂ ಉಣ್ಣಬೇಕು' ಅಂತಾಳೆ. ಈ ಜಾಗಕ್ಕೆ ಬೀಗರನ್ನು ಕರೆಯೋಕೆ ಆಗುವುದಿಲ್ಲ.

ಖಣದ ಸೆರಗು:

ಕಾಕಾ ನನ್ನ ಹೆಸರು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಗುಳೇದಗುಡ್ಡ, ಖಣದ (ರವಿಕೆ ಬಟ್ಟೆಯ) ವ್ಯಾಪಾರ. ಬನಶಂಕರಿ ನಮ್ಮ ಮನೆದೇವರು, ವರ್ಷದಲ್ಲಿ ಹಲವು ಸಲ ಹೋಗುತ್ತೇವೆ.

ಅಕ್ಕಾ, ಬಾದಾಮಿಯಲ್ಲಿ ಹೋಟೆಲ್ ಹುಡುಕಬೇಡಿ. ಐದು ಕಿಲೋಮೀಟರ್ ಮುಂದೆ ಬನಶಂಕರಿಗೆ ಹೋಗಿ. ದರ್ಶನ ಮುಗಿಸಿ ಹೊರಗೆ ಬಂದರೆ ಗುಡಿ ಎದುರು ಹರಿದ್ರಾ ತೀರ್ಥದ ಹೊಂಡ. ಅಲ್ಲೇ ಆಸುಪಾಸಿನಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. 'ಊಟ ಮಾಡ್ರಿ ಯಕ್ಕಾ, ಬರ್ರಿ ಅಣ್ಣಾ' ಅಂತ ಕರೆಯುತ್ತಾರೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಕಾಳು ಪಲ್ಯ, ಬದನೆಕಾಯಿ, ಝುಣಕ, ಕೆಂಪು ಚಟ್ನಿ, ಸಣ್ಣ ಕುಡಿಕೆಯಲ್ಲಿ ಮೊಸರು. ಎಲ್ಲ ಅವರವರ ಮನೆಯಲ್ಲಿ ಮಾಡಿ ತಂದದ್ದು. ನೆಲದ ಮೇಲೆ ಕೂತು ಉಣ್ಣಬೇಕು. ಬೀಗರಿಗೆ ಮಂಡಿ ನೋವು ಇದ್ದರೆ ಕಟ್ಟೆ ನೋಡಿ ಕೂರಿಸಿ.

ಎಲ್ಲರ ರುಚಿಯೂ ಒಂದೇ ಇರುವುದಿಲ್ಲ. ನಾನು ಮಾಡುವುದು ಇಷ್ಟು. ಮೊದಲು ಒಬ್ಬರ ಹತ್ತಿರ ಒಂದೇ ತಾಟು ತಗೊಳ್ಳುತ್ತೇನೆ. ಚಟ್ನಿ ನಾಲಿಗೆಗೆ ಹಚ್ಚಿ ನೋಡುತ್ತೇನೆ. ಸರಿ ಅನಿಸಿದರೆ ಉಳಿದವರಿಗೂ ಆಕೆಯ ಹತ್ತಿರವೇ. ಉಣ್ಣುವ ಮುಂಚೆ ದರ ಕೇಳಿಬಿಡಿ. ಮೊಸರಿಗೆ ಬೇರೆ, ಹೆಚ್ಚಿನ ರೊಟ್ಟಿಗೆ ಬೇರೆ ಇರುತ್ತದೆ. ಚೌಕಾಶಿ ಮಾತ್ರ ಮಾಡಬೇಡಿ. ಬೆಳಿಗ್ಗೆ ಕತ್ತಲಲ್ಲಿ ಎದ್ದು ಇಷ್ಟು ರೊಟ್ಟಿ ಬಡಿದು, ತಲೆ ಮೇಲೆ ಹೊತ್ತು ತಂದವರ ಹತ್ತಿರ ಐದು ರೂಪಾಯಿಗೆ ಜಗಳ ಆಡುವವರನ್ನು ನೋಡಿದ್ದೇನೆ, ಗುಹೆ ನೋಡಲು ಕಾರಿನಲ್ಲಿ ಬಂದವರೇ.

ನೀವು ಬರುವುದು ಡಿಸೆಂಬರ್ ಕೊನೆ. ಬನದ ಹುಣ್ಣಿಮೆಯ ದಿನಾಂಕ ಒಂದು ಸಲ ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. ಆ ಹುಣ್ಣಿಮೆಗೆ ತೇರು. ಅದಕ್ಕೆ ಮುಂಚೆ ಪಲ್ಯದ ಹಬ್ಬ, ದೇವಿಗೆ 108 ಬಗೆಯ ಪಲ್ಯದ ನೈವೇದ್ಯ. ನೋಡಬೇಕಾದ್ದೇ. ಆದರೆ ಜಾತ್ರೆಯ ಗದ್ದಲದಲ್ಲಿ ಅಜ್ಜಿಯನ್ನು ಕರೆತರಬೇಡಿ. ಜಾತ್ರೆ ಜನವರಿಗೆ ಬಿದ್ದರೆ ನಿಮಗೆ ಆರಾಮ.

ಬಾದಾಮಿ ಗುಹೆ ಹತ್ತುವಾಗ ಕೈಯಲ್ಲಿ ತಿನ್ನುವ ಸಾಮಾನು ಏನೂ ಇರಬಾರದು. ಮಂಗಗಳು ಬಿಡುವುದಿಲ್ಲ. ಪ್ಲಾಸ್ಟಿಕ್ ಚೀಲ ಕಂಡರೂ ಬರುತ್ತವೆ, ಒಳಗೆ ಏನಿದೆ ಅಂತ ನೋಡುವ ತನಕ ಕೊಡುವುದಿಲ್ಲ. ಕೊಲ್ಹಾರದ ಗಡಿಗೆ ಗಾಡಿಯಲ್ಲೇ ಇರಲಿ, ಗಾಜು ಏರಿಸಿ.

ಪಟ್ಟದಕಲ್ಲಿನಲ್ಲಿ ಎಳನೀರು, ಸೌತೆಕಾಯಿ, ಚಹಾ ಅಂತ ಇಟ್ಟುಕೊಳ್ಳಿ. ಐಹೊಳೆಯಲ್ಲೂ ಊಟಕ್ಕೆ ಆಯ್ಕೆ ಕಡಿಮೆ. ಆ ದಿನದ ಊಟ ಬನಶಂಕರಿಯಲ್ಲೇ ಮುಗಿಸಿ ಪಟ್ಟದಕಲ್ಲು, ಐಹೊಳೆ ಮಧ್ಯಾಹ್ನದ ಮೇಲೆ ಮಾಡಿ. ಸಂಜೆ ಬಿಸಿಲಲ್ಲಿ ಆ ಕೆಂಪು ಕಲ್ಲು ನೋಡಲೂ ಚಂದ.

ಕ್ಯಾಂಪ್ ಸೈಕಲ್:

ಬೆಳಗಾವಿ ಪಾಳಿ ನನ್ನದು. ಆಂಟಿ, ಮೊದಲು ಕುಂದಾ. ಎಲ್ಲರೂ ಹೇಳುವುದೇ ಆದರೂ ಹೇಳಲೇಬೇಕು. ಕ್ಯಾಂಪಿನಲ್ಲಿ ಪುರೋಹಿತರ ಅಂಗಡಿ ಕೇಳಿದರೆ ಆಟೋದವರು ಬಿಡುತ್ತಾರೆ. ಅಲ್ಲಿಯೇ ಅಂತೇನಿಲ್ಲ, ಊರಲ್ಲಿ ಒಳ್ಳೆಯ ಅಂಗಡಿ ಬೇರೆಯೂ ಇವೆ. ಹಾಲನ್ನು ಬತ್ತಿಸಿ ಬತ್ತಿಸಿ, ಸಕ್ಕರೆ ಬಿದ್ದ ಮೇಲೂ ಕಂದು ಬಣ್ಣ ಬರುವ ತನಕ ತಿರುವುತ್ತಲೇ ಇರಬೇಕು. ಒಳ್ಳೆಯ ಕುಂದಾ ಹರಳು ಹರಳಾಗಿರುತ್ತದೆ, ಮೈಗೆ ತುಪ್ಪ ಬಿಟ್ಟಿರುತ್ತದೆ. ಗೋಧಿ ಬಣ್ಣದ್ದು, ಪೇಡೆಯ ಹಾಗೆ ನುಣ್ಣಗಿದ್ದದ್ದು ಕೊಟ್ಟರೆ ಬೇಡ ಅನ್ನಿ. ರೈಲು ಹತ್ತುವ ದಿನವೇ ತಗೊಳ್ಳಿ, ಮೊದಲೇ ಕೊಂಡಿಟ್ಟುಕೊಳ್ಳಬೇಡಿ. ಹಾಲಿನ ಪದಾರ್ಥ, ಬಹಳ ದಿನ ನಿಲ್ಲುವುದಿಲ್ಲ.

ಬಹಳ ಮಂದಿಗೆ ಮಂಡಿಗೆ ಅನ್ನುವ ಸಿಹಿ ಗೊತ್ತಿಲ್ಲ. ನಮ್ಮ ಅಜ್ಜಿ ಕುಂದಾವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಮಂಡಿಗೆ ಇಲ್ಲದ ಮದುವೆ ಮದುವೆಯೇ ಅಲ್ಲ ಅನ್ನುತ್ತಿದ್ದಳು. ಕಣಕದಲ್ಲಿ ಸಕ್ಕರೆ ಪುಡಿ, ತುಪ್ಪದ ಹೂರಣ ಇಟ್ಟು ಲಟ್ಟಿಸಿ, ಆಮೇಲೆ ಎರಡೂ ಕೈ ಮೇಲೆ ಹಾಕಿಕೊಂಡು ತೆಳ್ಳಗೆ ಹಿಗ್ಗಿಸುತ್ತಾರೆ. ಬೋರಲು ಹಾಕಿದ ಕಾದ ಬಾಣಲೆ ಮೇಲೆ ಹರಡಿ, ಬಿಸಿ ಇರುವಾಗಲೇ ಮಡಚುತ್ತಾರೆ. ತಣ್ಣಗಾದ ಮೇಲೆ ಹಪ್ಪಳದ ಹಾಗೆ ಗರಿಗರಿ. ನಿಮ್ಮ ಬೀಗರ ಅಜ್ಜಿಗೆ ಹೇಳಿ ಮಾಡಿಸಿದ ತಿಂಡಿ. ಪುಡಿ ಮಾಡಿ ಬಿಸಿ ಹಾಲು, ತುಪ್ಪ ಹಾಕಿ ಕೊಡಿ, ಹಲ್ಲು ಬೇಕಿಲ್ಲ.

ಬೆಳಗಿನ ತಿಂಡಿ ಬೆಳಗಾವಿಯಲ್ಲಿ ಆದರೆ ಮಿಸಳ್. ಮಡಕಿ ಕಾಳಿನ ಖಾರದ ರಸ, ಮೇಲೆ ಫರಸಾಣ, ಉಳ್ಳಾಗಡ್ಡಿ, ಪಾವ್. ಕೊಲ್ಹಾಪುರ ಹತ್ತಿರ ಇರುವ ಊರು ನಮ್ಮದು, ಖಾರದಲ್ಲಿ ಅದು ಗೊತ್ತಾಗುತ್ತದೆ. ರಸ ಬೇರೆ ಬಟ್ಟಲಲ್ಲಿ ಕೊಡಿ ಅಂತ ಕೇಳಿ. ಅದಕ್ಕೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಗಣಪತ್ ಗಲ್ಲಿ, ಖಡೇ ಬಜಾರ್ ಕಡೆ ಸೀರೆ ಅಂಗಡಿ ಸುತ್ತುವ ನೆಪದಲ್ಲಿ ಹೋಗಿ, ತಿನ್ನುವುದು ತಾನಾಗೇ ಆಗುತ್ತದೆ.

ಮೈಸೂರಿನವರು ಅಂದರೆ ಅನ್ನ ಉಣ್ಣುವ ಮಂದಿ. ಹಾಗಾದರೆ ಬೆಳಗಾವಿಯ ಬಾಸುಮತಿ ಅಕ್ಕಿ ಒಂದಿಷ್ಟು ಕಟ್ಟಿಸಿಕೊಡಿ. ಹೊಸ ಅಕ್ಕಿ ಬಂದಿರುವ ಕಾಲ. ಬೀಗರಿಗೆ ಸ್ವೀಟ್ ಎಲ್ಲರೂ ಕೊಡುತ್ತಾರೆ.

ಇನ್ನು ಅಳಿಯಂದಿರ ವಿಷಯ. ಬೆಳಗಾವಿಯಲ್ಲಿ ಬಿರಿಯಾನಿ ಅಂದರೆ ಜನ ನಿಯಾಜ್ ಹೆಸರು ಹೇಳುತ್ತಾರೆ. ಖಾರ ತಿನ್ನುವ ಧೈರ್ಯ ಇದ್ದರೆ ಸಾವಜಿ ಖಾನಾವಳಿಗಳೂ ಇವೆ. 'ಎಟಿಎಂಗೆ ಹೋಗಿ ಬರ್ತೇನೆ' ಅಂತ ಹೊರಡಲಿ. ಬಾಯಿಗೆ ಸೋಂಪು ಹಾಕಿಕೊಂಡು ಬರಲಿ.

ಇಂಡಿ ನಿಂಬಿ:

ಎಲ್ಲರೂ ದಾರಿ ಹೇಳಿದಿರಿ, ಮನೆ ಯಾರೂ ಹೇಳಲಿಲ್ಲ. ಬಿಲ್ಲು ಕೊಟ್ಟು ಉಣ್ಣಿಸಿದರೆ ಬೀಗತನ ಎಲ್ಲಿಂದ ಬರುತ್ತೆ?

ಅಕ್ಕಾರ, ಎಳ್ಳ ಅಮಾವಾಸ್ಯೆ ಯಾವಾಗ ಬರುತ್ತದೆ ನೋಡಿ. ಡಿಸೆಂಬರ್‌ನಲ್ಲಿ, ಇಲ್ಲವೇ ಜನವರಿಯಲ್ಲಿ ಬರುತ್ತದೆ. ನಿಮ್ಮ ತಾರೀಖಿಗೆ ಹೊಂದಿದರೆ ಬಾದಾಮಿ ಒಂದು ದಿನ ಮುಂದಕ್ಕೆ ಹಾಕಿ. ಅದು 6ನೇ ಶತಮಾನದಿಂದ ಅಲ್ಲೇ ಇದೆ, ಎಲ್ಲೂ ಹೋಗುವುದಿಲ್ಲ. ಬೀಗರನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ನೈವೇದ್ಯ ಮಾಡಿ ಅದನ್ನು ಹೊಲದಲ್ಲಿ ಎರಚಿ. ಸ್ವಂತ ಹೊಲ ಇಲ್ಲದಿದ್ದರೆ ಪರಿಚಯದವರ ಹೊಲ. ವಿಜಯಪುರ ಜಿಲ್ಲೆಯಲ್ಲಿ ಆ ದಿನ ಹೊಲಕ್ಕೆ ಬಂದವರನ್ನು ಉಣ್ಣಿಸದೆ ಯಾರೂ ಕಳಿಸುವುದಿಲ್ಲ.

ಎದೆ ಎತ್ತರದ ಬಿಳಿಜೋಳ ನಡುವೆ ಕಂಬಳಿ ಹಾಸಿ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಎಣ್ಣೆಗಾಯಿ, ಪುಂಡಿ ಪಲ್ಯ, ಕರಿಂಡಿ, ಶೇಂಗಾ ಹೋಳಿಗೆ. ಯಾವ ಖಾನಾವಳಿಯಲ್ಲೂ ಇದು ಒಟ್ಟಿಗೆ ಸಿಗುವುದಿಲ್ಲ. 'ಡೋಣಿ ಬೆಳೆದರೆ ಓಣೆಲ್ಲಾ ಜೋಳ' ಅಂತ ಡೋಣಿ ಹೊಳೆಯ ಬಗ್ಗೆ ಹೇಳುವ ಸೀಮೆಯವರು ನಾವು, ಬೀಗರಿಗೆ ಜೋಳದ ಹೊಲ ತೋರಿಸದೆ ಬರೇ ಗುಮ್ಮಟ ತೋರಿಸಿ ಕಳಿಸುತ್ತೀರಾ?

ಇನ್ನೂ ಸ್ವಲ್ಪ ತಡವಾಗಿ ಬಂದಿದ್ದರೆ ಸೀತನಿ ಸಿಗುತ್ತಿತ್ತು. ಹಾಲುಗಾಳಿನ ತೆನೆ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಬೆಲ್ಲ, ಶೇಂಗಾ ಚಟ್ನಿ ಜೊತೆ. ಮುಂದಿನ ಸಲ ಜನವರಿಯಲ್ಲಿ ಕರೆಯಿರಿ.

ಗುಮ್ಮಟದ ಓಣಿ:

ಎಲ್ಲರಿಗೂ ಧನ್ಯವಾದ. ಇಷ್ಟೊಂದು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹೊಲದ ವಿಷಯ ಮನೆಯವರಿಗೆ ಓದಿ ಹೇಳಿದೆ. ಅವರ ದೋಸ್ತರ ಹೊಲ ತಿಕೋಟಾ ಕಡೆ ಇದೆ, ಈಗಲೇ ಫೋನ್ ಮಾಡುತ್ತಿದ್ದಾರೆ.

ಇನ್ನು ಮೂರು ಸಂಶಯ. ಖಾನಾವಳಿಯಲ್ಲಿ ಹೆಂಗಸರು ಕೂರುವ ಹಾಗಿರುತ್ತಾ? ನಾನು ಹೊರಗಿನಿಂದ ನೋಡಿದಾಗೆಲ್ಲ ಬರೇ ಗಂಡಸರೇ ಕಂಡಿದ್ದಾರೆ. ಅಜ್ಜಿಗೆ ಮಂಡಿಗೆ ಬಿಟ್ಟು ಬೇರೆ ಏನು? ದಿನಾ ಸಿಹಿ ಕೊಡೋಕಾಗಲ್ಲ, ಶುಗರ್ ಇದೆ. ಮತ್ತೆ ಆ ಹುಡುಗ?

ಖಣದ ಸೆರಗು:

ಹೆಂಗಸರ ಪ್ರಶ್ನೆಗೆ ನಾನು ಹೇಳುತ್ತೇನೆ, ಕಾಕಾಗೆ ಇದು ಗೊತ್ತಿರುವುದಿಲ್ಲ. ಕೂರಬಹುದು ಅಕ್ಕಾ. ಈಗ ಬಹಳ ಕಡೆ ಒಳಗೆ 'ಫ್ಯಾಮಿಲಿ' ಅಂತ ಬೇರೆ ಕೋಣೆ ಮಾಡಿದ್ದಾರೆ. ಮಧ್ಯಾಹ್ನ ಸಂಕೋಚ ಪಡಬೇಕಿಲ್ಲ. ರಾತ್ರಿ ಹೊತ್ತು ಹೆದ್ದಾರಿ ಪಕ್ಕದ ಢಾಬಾದಲ್ಲಿ ಕುಡಿಯುವವರು ಇರುತ್ತಾರೆ, ಅಲ್ಲಿ ಬೇಡ. ರಾತ್ರಿ ಊಟ ಉಳಿದುಕೊಂಡ ಲಾಡ್ಜಿನಲ್ಲೇ ಮಾಡಿ, ರುಚಿ ಹೇಗಿದ್ದರೂ ಸರಿ. ನಿಜವಾದ ತೊಂದರೆ ಶೌಚಾಲಯದ್ದು. ಖಾನಾವಳಿಯನ್ನು ನಂಬಬೇಡಿ. ಊಟಕ್ಕೆ ಮುಂಚೆ ದೊಡ್ಡ ಪೆಟ್ರೋಲ್ ಬಂಕ್ ಕಂಡರೆ ಡೀಸೆಲ್ ಹಾಕಿಸುವ ನೆಪದಲ್ಲಿ ಎಲ್ಲರೂ ಇಳಿಯಿರಿ. ಅಜ್ಜಿ ಜೊತೆಗಿದ್ದಾಗ ಇದನ್ನು ಮೊದಲೇ ಯೋಚಿಸಿಕೊಂಡಿರಬೇಕು.

ಮೋಟರ್ ಕಾಕಾ:

ನಿಜ, ಅದು ನನಗೆ ಹೊಳೆಯಲಿಲ್ಲ. ನನ್ನ ಲೆಕ್ಕದಲ್ಲಿ ಬೇವಿನ ಗಿಡ ಇದ್ದರೆ ಮುಗಿಯಿತು.

ಅಜ್ಜಿಗೆ ನುಚ್ಚು ಕೇಳಿ. ಜೋಳದ ನುಚ್ಚು, ಮಜ್ಜಿಗೆ, ಮೇಲೆ ಒಂದು ಚೂರು ಉಪ್ಪಿನಕಾಯಿ. ಎಲ್ಲ ಖಾನಾವಳಿಯಲ್ಲಿ ಇರುವುದಿಲ್ಲ, ಹಾಗಾಗಿ ಹೊರಡುವ ದಿನ ನೀವೇ ಮನೆಯಿಂದ ಡಬ್ಬಿಯಲ್ಲಿ ಹಾಕಿಕೊಳ್ಳಿ. ಖಾನಾವಳಿಯಲ್ಲಿ 'ಮೆತ್ತಗಿನ ರೊಟ್ಟಿ, ಅಜ್ಜಿಗೆ' ಅಂದರೆ ಸಾಕು, ದಪ್ಪ ಬಡಿದು ಕೊಡುತ್ತಾರೆ. ಅದನ್ನು ಬಿಸಿ ಇರುವಾಗಲೇ ಮುರಿದು ಹೆಸರುಬೇಳೆ ಸಾರಿನಲ್ಲಿ, ಇಲ್ಲವೇ ಹಾಲಿನಲ್ಲಿ ನೆನೆಹಾಕಿ. ಹತ್ತು ನಿಮಿಷಕ್ಕೆ ಕರಗುತ್ತದೆ. ನಮ್ಮ ತಾಯಿಗೆ ಕೊನೆಗಾಲದಲ್ಲಿ ಇದೇ ಊಟ ಇತ್ತು, ತುಪ್ಪ ಮಾತ್ರ ಅವಳೇ ಹಾಕಿಕೊಳ್ಳುತ್ತಿದ್ದಳು, ನಾವು ಹಾಕಿದ್ದು ಅವಳಿಗೆ ಸಾಲುತ್ತಿರಲಿಲ್ಲ.

ಹುಡುಗನಿಗೆ ಬಿಸಿ ರೊಟ್ಟಿ, ಬೆಲ್ಲ, ತುಪ್ಪ. ಮಹಾಲಿಂಗಪುರದ ಬೆಲ್ಲ ಸಿಕ್ಕರೆ ಒಂದು ಸಣ್ಣ ಅಚ್ಚು ಗಾಡಿಯಲ್ಲಿ ಇಟ್ಟುಕೊಳ್ಳಿ. ಶೇಂಗಾ ಹೋಳಿಗೆ ನಾಲ್ಕೈದು ದಿನ ಕೆಡುವುದಿಲ್ಲ, ಅದನ್ನೂ ಮನೆಯಿಂದಲೇ ಒಯ್ಯಿರಿ. ಇಷ್ಟಾದ ಮೇಲೂ ಅತ್ತರೆ ಬಿಸ್ಕಿಟ್ ಪುಡಿಕೆ ಇದ್ದೇ ಇದೆ.

ಒಂದು ಎಚ್ಚರಿಕೆ. ಖಾನಾವಳಿಯಲ್ಲಿ 'ಖಾರ ಕಡಿಮೆ ಮಾಡಿ' ಅಂತ ಹೇಳಿ ಪ್ರಯೋಜನ ಇಲ್ಲ. ಪಲ್ಯ ಬೆಳಿಗ್ಗೆಯೇ ಆಗಿರುತ್ತದೆ. 'ಹೂಂ' ಅಂತಾರೆ, ಅದೇ ಪಾತ್ರೆಯಿಂದ ಬಡಿಸುತ್ತಾರೆ. ಬೀಗರಿಗೆ ಮೊಸರು ಮೊದಲೇ ಬಡಿಸಿಬಿಡಿ, ಕೆಂಪು ಚಟ್ನಿಯ ಬಟ್ಟಲು ನಿಮ್ಮ ಕಡೆ ಎಳೆದುಕೊಳ್ಳಿ. ಎಣ್ಣೆಗಾಯಿಯ ಎಣ್ಣೆ ಬಿಟ್ಟು ಬರೇ ಕಾಯಿ ಹಾಕಿಸಿ.

ಇನ್ನೊಂದು, ಕೊಲ್ಹಾರದಲ್ಲಿ ಗಡಿಗೆ ತಗೊಳ್ಳುವಾಗ ಕಟ್ಟಲು ಒಂದು ಹಳೆಯ ಬಟ್ಟೆ ಮನೆಯಿಂದ ಒಯ್ಯಿರಿ. ಅವರು ಕಟ್ಟಿಕೊಡುವ ಪೇಪರು ಬೀಳಗಿ ದಾಟುವುದರೊಳಗೆ ನೆನೆದು ಹರಿಯುತ್ತದೆ.